ಹಾಡು ಮುಗಿದ ಮೇಲಿನ ಮಾತು

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲಕತ್ತೆಯಲ್ಲಿ ಗೌಹರ್ ಜಾನ್ ಅವರ ಗಾಯನವನ್ನು ಧ್ವನಿಮುದ್ರಿಸಿಕೊಂಡರು. ಸುಮಾರು ಮೂರು ನಿಮಿಷಗಳ ಹಾಡು ಮುಗಿದೊಡನೆ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಇದನ್ನು ಕಲಾವಿದೆಯ ಆತ್ಮಘೋಷಣೆಯೆಂದಷ್ಟೇ ಓದುವುದು ಆಕರ್ಷಕವೇನೋ ಹೌದು. ಆದರೆ ನಮಗೆ ಅದು ಸಾಲದು. ಮೇಣದ ಮೂಲಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ತಟ್ಟೆಗಳಾಗಿ ಅಚ್ಚಾಗುತ್ತಿದ್ದವು. ಹಿಂದುಸ್ತಾನಿ ತಿಳಿಯದ ಅಲ್ಲಿನ ಕೆಲಸಗಾರರಿಗೆ ಗಾಯಕರ ಗುರುತು ಸಿಗಲೆಂದೇ ಆ ಉಕ್ತಿ. ಹಾಡಿನ ಶ್ರೋತೃ ಭಾರತದಲ್ಲಿ, ಹೆಸರಿನ ಶ್ರೋತೃ ಕಾರ್ಖಾನೆಯಲ್ಲಿ: ಒಂದೇ ತಟ್ಟೆಯಲ್ಲಿ ಎರಡು ಸಂಬೋಧನೆ, ಎರಡು ಭಾಷೆ. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲೇ ಕಾರ್ಖಾನೆ ತೆರೆದ ಮೇಲೆ ಈ ಅಗತ್ಯ ಕುಗ್ಗಿತು. ಮರುಮುದ್ರಣದಲ್ಲಿ ಇದನ್ನು ಕತ್ತರಿಸಿದರೆ, ಆ ತಟ್ಟೆಯಲ್ಲಿರುವ ಹಾಡಲ್ಲದ ಏಕೈಕ ಮಾತೇ ನಮಗೆ ಇಲ್ಲವಾಗುತ್ತದೆ.