ಒಂಟಿ ಸವಾರರ ಸಾಲು

ಒಂಟಿ ಸವಾರರ ಸಾಲು ಅಥವಾ ಸಿಂಗಲ್ ರೈಡರ್ ಲೈನ್ ಎಂಬುದು ಮನೋರಂಜನಾ ಉದ್ಯಾನಗಳಲ್ಲಿ ತಮ್ಮ ಜೊತೆಗಾರರಿಂದ ಬೇರೆಯಾಗಿ ಕುಳಿತುಕೊಳ್ಳಲು ಒಪ್ಪುವವರಿಗಾಗಿ ಇರುವ ಪ್ರತ್ಯೇಕ ಸರದಿ. ಮುಖ್ಯ ಸಾಲಿನ ಗುಂಪುಗಳು ಕುಳಿತ ಬಳಿಕ ಬಂಡಿಯಲ್ಲಿ ಉಳಿಯುವ ಬಿಡಿ ಆಸನಗಳನ್ನು ಈ ಸಾಲಿನವರಿಂದ ತುಂಬಲಾಗುತ್ತದೆ. ಇದಕ್ಕೆ ಹೆಚ್ಚಿನ ಶುಲ್ಕವಿರುವುದಿಲ್ಲ. ಈ ಸಾಲು ಮುಖ್ಯ ಸಾಲಿಗಿಂತ ಬೇಗ ಸಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹಲವು ಬಾರಿ ಅದು ನಿಜವೂ ಹೌದು. ಆದರೆ ಸಮಯ ಉಳಿಯುವುದು ಸಾಲಿನ ಉದ್ದದಿಂದಲ್ಲ, ಪ್ರತಿ ಸುತ್ತಿನಲ್ಲಿ ಎಷ್ಟು ಆಸನಗಳು ಖಾಲಿ ಉಳಿಯುತ್ತವೆ ಎಂಬುದರಿಂದ. ಉದ್ಯಾನಕ್ಕೆ ಈ ಪದ್ಧತಿಯಿಂದ ದೊರೆಯುವ ಲಾಭ ನಿಶ್ಚಿತ. ಸಾಲಿನಲ್ಲಿ ನಿಂತವರಿಗೆ ದೊರೆಯುವ ಲಾಭ ಅನಿಶ್ಚಿತ.

ಹಿನ್ನೆಲೆ

ಹಿಮಜಾರಾಟದ ತಾಣಗಳಲ್ಲಿ ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿಗಳಲ್ಲಿಯೂ ಇದೇ ಪದ್ಧತಿ ಬಳಕೆಯಲ್ಲಿದೆ. 1936ರಲ್ಲಿ ಅಮೆರಿಕದ ಐಡಾಹೊ ರಾಜ್ಯದ ಸನ್ ವ್ಯಾಲಿಯಲ್ಲಿ ಆರಂಭವಾದ ಮೊದಲ ತೂಗುಕುರ್ಚಿಯಲ್ಲಿ ಒಬ್ಬರಿಗೆ ಮಾತ್ರ ಜಾಗವಿತ್ತು; ಅಲ್ಲಿ ಆಸನ ಖಾಲಿ ಹೋಗುವ ಪ್ರಶ್ನೆಯೇ ಇರಲಿಲ್ಲ. ಇಬ್ಬರು, ನಾಲ್ವರು ಕೂರುವ ಕುರ್ಚಿಗಳು ಬಂದ ಮೇಲೆ ಮೂವರ ಗುಂಪಿನ ಪಕ್ಕದಲ್ಲಿ ಒಂದು ಜಾಗ ಬರಿದಾಗಿ ಬೆಟ್ಟ ಹತ್ತತೊಡಗಿತು. ಅದನ್ನು ತುಂಬಲು ಒಂಟಿ ಜನರ ಪ್ರತ್ಯೇಕ ಸಾಲು ಅನುಕೂಲವಾಯಿತು.

ಮನೋರಂಜನಾ ಉದ್ಯಾನಗಳ ಪೈಕಿ ಡಿಸ್ನಿ ಮತ್ತು ಯೂನಿವರ್ಸಲ್ ಸಂಸ್ಥೆಗಳ ಉದ್ಯಾನಗಳಲ್ಲಿ ಈ ಸಾಲು ಹೆಚ್ಚು ಪರಿಚಿತ. ಫ್ಲಾರಿಡಾದ ಟೆಸ್ಟ್ ಟ್ರ್ಯಾಕ್ ಹಾಗೂ ಎಕ್ಸ್‌ಪೆಡಿಷನ್ ಎವರೆಸ್ಟ್, ಕ್ಯಾಲಿಫೋರ್ನಿಯಾದ ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್ ಇದಕ್ಕೆ ಉದಾಹರಣೆಗಳು.

ಕಾರ್ಯವಿಧಾನ

ಬಂಡಿ ಹತ್ತುವ ಕಟ್ಟೆಯ ಬಳಿ ನಿಂತ ಸಿಬ್ಬಂದಿ ಮುಖ್ಯ ಸಾಲಿನ ಪ್ರತಿ ಗುಂಪನ್ನೂ ಎಷ್ಟು ಜನ ಎಂದು ಕೇಳಿ ಆಸನಗಳ ಸಾಲನ್ನು ಸೂಚಿಸುತ್ತಾರೆ. ಒಂದು ಸಾಲಿಗೆ ಇಬ್ಬರಂತೆ ಕೂರುವ ಬಂಡಿಯಲ್ಲಿ ಮೂವರ ಕುಟುಂಬವೊಂದು ಬಂದರೆ ಎರಡು ಸಾಲುಗಳು ಬೇಕು; ನಾಲ್ಕು ಆಸನಗಳಲ್ಲಿ ಒಂದು ಉಳಿಯುತ್ತದೆ. ಆಗ ಸಿಬ್ಬಂದಿ ಒಂಟಿ ಸಾಲಿನ ಮುಂದಿನ ವ್ಯಕ್ತಿಯನ್ನು ಕರೆದು ಅಲ್ಲಿ ಕೂರಿಸುತ್ತಾರೆ. ಮುಖ್ಯ ಸಾಲಿನವರ ಸರದಿ ಇದರಿಂದ ಹಿಂದೆ ಬೀಳುವುದಿಲ್ಲ. ಆ ಆಸನ ಹೇಗಿದ್ದರೂ ಖಾಲಿಯಾಗಿಯೇ ಹೋಗುತ್ತಿತ್ತು.

ಪ್ರತ್ಯೇಕ ಸಾಲು ಇಲ್ಲದ ಕಡೆ ಸಿಬ್ಬಂದಿ ಮುಖ್ಯ ಸಾಲಿನ ಉದ್ದಕ್ಕೂ ‘ಒಬ್ಬರೇ ಯಾರಾದರೂ ಇದ್ದೀರಾ’ ಎಂದು ಕೂಗಿ ಕರೆಯುವುದುಂಟು. ಪರಿಣಾಮ ಒಂದೇ ಆದರೂ ಕೂಗಿ ಕರೆಯುವುದಕ್ಕೆ ಸಮಯ ಹಿಡಿಯುತ್ತದೆ. ಹಿಂದಿನವರು ಮುಂದೆ ಹೋದಾಗ ನಡುವೆ ನಿಂತವರಿಂದ ತಕರಾರೂ ಬರುತ್ತದೆ. ಬೇರೆ ಸಾಲು ಇದ್ದರೆ ಈ ಎರಡೂ ತೊಂದರೆಗಳು ತಪ್ಪುತ್ತವೆ.

ಎಷ್ಟು ಆಸನ ಉಳಿಯುತ್ತದೆ ಎಂಬುದು ಬಂಡಿಯ ರಚನೆಯನ್ನು ಅವಲಂಬಿಸಿದೆ. ಟೆಸ್ಟ್ ಟ್ರ್ಯಾಕ್ ಹಾಗೂ ರೇಡಿಯೇಟರ್ ಸ್ಪ್ರಿಂಗ್ಸ್ ರೇಸರ್ಸ್ ಬಂಡಿಗಳಲ್ಲಿ ಮೂರು ಮೂರು ಆಸನಗಳ ಎರಡು ಸಾಲುಗಳಿವೆ. ಇಬ್ಬರೇ ಬರುವ ದಂಪತಿಗಳು, ಗೆಳೆಯರು ಹೆಚ್ಚಿದ್ದರೆ ಪ್ರತಿ ಸಾಲಿನಲ್ಲಿಯೂ ಒಂದು ಆಸನ ಮಿಗುತ್ತದೆ. ಇಂಥ ರೈಡ್‌ಗಳಲ್ಲಿ ಒಂಟಿ ಸಾಲು ಬೇಗ ಕರಗುತ್ತದೆ. ಇಬ್ಬಿಬ್ಬರ ಸಾಲುಗಳಿರುವ ರೋಲರ್ ಕೋಸ್ಟರ್‌ನಲ್ಲಿ ಬೆಸಸಂಖ್ಯೆಯ ಗುಂಪು ಬಂದಾಗ ಮಾತ್ರ ಜಾಗ ಉಳಿಯುತ್ತದೆ. ಜನ ತಾವೇ ಒತ್ತಿಕೊಂಡು ಕೂರುವ ದೋಣಿಯಾಕಾರದ ಉಯ್ಯಾಲೆಗಳಲ್ಲಿ ಈ ಪದ್ಧತಿಗೆ ಅರ್ಥವೇ ಇಲ್ಲ.

ಸಮಯದ ಲೆಕ್ಕ

ಸರದಿಗಳ ಗಣಿತಶಾಸ್ತ್ರವು ಡೆನ್ಮಾರ್ಕ್‌ನ ಎ. ಕೆ. ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳ ಕುರಿತು ಪ್ರಕಟಿಸಿದ ಅಧ್ಯಯನದಿಂದ ಬೆಳೆಯಿತು. ಅದರಲ್ಲಿ ಇಲ್ಲಿ ನೇರವಾಗಿ ಅನ್ವಯವಾಗುವುದು ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ನಿಯಮ. ಸರಳವಾಗಿ ಹೇಳುವುದಾದರೆ, ಕಾಯುವ ಸಮಯವು ಸಾಲಿನಲ್ಲಿರುವ ಜನರ ಸಂಖ್ಯೆಯನ್ನು ಆ ಸಾಲು ಕರಗುವ ವೇಗದಿಂದ ಭಾಗಿಸಿದಷ್ಟು. ಸಾಲಿನ ಉದ್ದ ಕಣ್ಣಿಗೆ ಕಾಣುತ್ತದೆ, ಅದು ಕರಗುವ ವೇಗ ಕಾಣುವುದಿಲ್ಲ. ಒಂಟಿ ಸಾಲಿನ ಬಗೆಗಿನ ತಪ್ಪು ಅಂದಾಜುಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ತಿಳಿಯಬಹುದು. ನೆದರ್ಲೆಂಡ್ಸ್‌ನ ವೆಕೋಮಾ ಸಂಸ್ಥೆ ತಯಾರಿಸುವ ಬೂಮರಾಂಗ್ ಮಾದರಿಯ ರೋಲರ್ ಕೋಸ್ಟರ್ ಬಂಡಿಯಲ್ಲಿ ಇಬ್ಬಿಬ್ಬರು ಕೂರುವ 14 ಸಾಲುಗಳು, ಅಂದರೆ ಒಟ್ಟು 28 ಆಸನಗಳಿರುತ್ತವೆ. ಇಂಥ ಬಂಡಿ ಮೂರು ನಿಮಿಷಕ್ಕೊಮ್ಮೆ ಹೊರಡುತ್ತದೆ ಎಂದುಕೊಂಡರೆ ಗಂಟೆಗೆ 20 ಸುತ್ತು, 560 ಆಸನ. ಪ್ರತಿ ಸುತ್ತಿನಲ್ಲಿ ಸರಾಸರಿ ಎರಡು ಆಸನ ಉಳಿದರೆ ಮುಖ್ಯ ಸಾಲಿನಿಂದ ಗಂಟೆಗೆ 520 ಜನ, ಒಂಟಿ ಸಾಲಿನಿಂದ 40 ಜನ ಹೋಗುತ್ತಾರೆ. ಮುಖ್ಯ ಸಾಲಿನಲ್ಲಿ 260 ಜನ ನಿಂತಿದ್ದರೆ ಕೊನೆಯವರು ಕಾಯಬೇಕಾದದ್ದು 30 ನಿಮಿಷ. ಒಂಟಿ ಸಾಲಿನಲ್ಲಿ ಕೇವಲ 20 ಜನರಿದ್ದರೂ ಕೊನೆಯವರು ಕಾಯಬೇಕಾದದ್ದು ಅದೇ 30 ನಿಮಿಷ. ಹದಿಮೂರನೆಯ ಒಂದು ಭಾಗದಷ್ಟು ಚಿಕ್ಕದಾಗಿ ಕಾಣುವ ಸಾಲು ಒಂದು ನಿಮಿಷವನ್ನೂ ಉಳಿಸುವುದಿಲ್ಲ. ಅಲ್ಲಿ ಹತ್ತೇ ಜನರಿದ್ದರೆ 15 ನಿಮಿಷ ಉಳಿಯುತ್ತದೆ. 40 ಜನರಿದ್ದರೆ 30 ನಿಮಿಷ ಹೆಚ್ಚು ಕಾಯಬೇಕಾಗುತ್ತದೆ.

ಇದೇ ಲೆಕ್ಕವನ್ನು ಉದ್ಯಾನದ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಹೊಸ ಬಂಡಿ ಕೊಳ್ಳದೆ, ವೇಗ ಹೆಚ್ಚಿಸದೆ, ಗಂಟೆಗೆ 520ರ ಬದಲು 560 ಜನ ಸವಾರಿ ಮಾಡುತ್ತಾರೆ. ಇದು ಶೇ. 8ಕ್ಕೆ ಸಮೀಪದ ಹೆಚ್ಚಳ. ಒಂಟಿ ಸಾಲಿಗೆ ಹೋದವರು ಮುಖ್ಯ ಸಾಲನ್ನು ಬಿಟ್ಟು ಹೋಗಿರುವುದರಿಂದ ಅಲ್ಲಿ ಉಳಿದವರ ಕಾಯುವಿಕೆಯೂ ಸ್ವಲ್ಪ ತಗ್ಗುತ್ತದೆ.

ಸರಾಸರಿ ಎಂಬ ಮಾತು ಇಲ್ಲಿ ಎಚ್ಚರಿಕೆಯಿಂದ ಬಳಸಬೇಕಾದದ್ದು. ಮುಖ್ಯ ಸಾಲು ಪ್ರತಿ ಸುತ್ತಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಮುಂದೆ ಸಾಗುತ್ತದೆ. ಒಂಟಿ ಸಾಲು ಹಾಗಲ್ಲ. ಮುಂದೆ ಯಾವ ಗುಂಪು ಬರುತ್ತದೆ ಎಂಬುದರ ಮೇಲೆ ಅದರ ಗತಿ ನಿಂತಿದೆ. ಮೂವರ, ಐವರ ಕುಟುಂಬಗಳು ಸತತವಾಗಿ ಬಂದರೆ ಒಂದೇ ಸುತ್ತಿನಲ್ಲಿ ಐದಾರು ಒಂಟಿ ಸವಾರರು ಹತ್ತಬಹುದು. ಶಾಲಾ ಪ್ರವಾಸದ ಮಕ್ಕಳು ಬಂದರೆ ಸಾಲು ನಿಂತುಬಿಡುತ್ತದೆ. ನಾಲ್ಕು ಬಸ್ಸುಗಳಲ್ಲಿ ಬಂದ 200 ವಿದ್ಯಾರ್ಥಿಗಳು ತಾವಾಗಿಯೇ ಜೋಡಿ ಕಟ್ಟಿಕೊಂಡು ಎಲ್ಲ ಆಸನಗಳನ್ನೂ ತುಂಬುತ್ತಾರೆ. ಮೇಲಿನ ಉದಾಹರಣೆಯ ಬಂಡಿಯಲ್ಲಿ ಅವರೆಲ್ಲರೂ ಮುಗಿಯಲು ಏಳು ಸುತ್ತು ಸಾಲದು. ಅಷ್ಟು ಹೊತ್ತು, ಅಂದರೆ 20 ನಿಮಿಷಕ್ಕೂ ಹೆಚ್ಚು ಕಾಲ, ಒಂಟಿ ಸಾಲಿನಲ್ಲಿ ಮೊದಲು ನಿಂತವರೂ ಅಲ್ಲಿಯೇ ಇರುತ್ತಾರೆ.

ಹಣ ತೆರುವ ಸಾಲಿಗೂ ಇದಕ್ಕೂ ಇರುವ ವ್ಯತ್ಯಾಸ

ಒಂಟಿ ಸಾಲನ್ನು ಶೀಘ್ರ ಪ್ರವೇಶದ ಸಾಲಿನೊಂದಿಗೆ ಸಮೀಕರಿಸುವುದು ಸರಿಯಲ್ಲ. ಡಿಸ್ನಿ ಉದ್ಯಾನಗಳಲ್ಲಿ 1999ರಲ್ಲಿ ಬಂದ ಫಾಸ್ಟ್‌ಪಾಸ್ ಉಚಿತವಾಗಿತ್ತು. ಫ್ಲಾರಿಡಾದಲ್ಲಿ 2021ರಿಂದ ಅದರ ಸ್ಥಾನದಲ್ಲಿ ಹಣ ಕೊಟ್ಟು ಪಡೆಯುವ ವ್ಯವಸ್ಥೆ ಬಂದಿತು. ಬಿಡದಿ ಸಮೀಪ ಬೆಂಗಳೂರು–ಮೈಸೂರು ರಸ್ತೆಯಲ್ಲಿ 2005ರಲ್ಲಿ ಆರಂಭವಾದ ವಂಡರ್‌ಲಾ ಉದ್ಯಾನದಲ್ಲಿಯೂ ಸಾಮಾನ್ಯ ಟಿಕೆಟ್‌ನ ಜೊತೆಗೆ ಹೆಚ್ಚಿನ ದರದ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆ. ಮೇಲೆ ಹೇಳಿದ ಬೂಮರಾಂಗ್ ಮಾದರಿಯ ರೋಲರ್ ಕೋಸ್ಟರ್ ಇಲ್ಲಿ ‘ರಿಕಾಯಿಲ್’ ಎಂಬ ಹೆಸರಿನಲ್ಲಿದೆ.

ಶೀಘ್ರ ಪ್ರವೇಶದವರು ಕುಳಿತುಕೊಳ್ಳುವುದು ಮಿಕ್ಕ ಆಸನದಲ್ಲಲ್ಲ, ಮುಖ್ಯ ಸಾಲಿನವರಿಗೆ ಸಿಗಬೇಕಾಗಿದ್ದ ಆಸನದಲ್ಲಿ. ಅದೇ ಕಲ್ಪಿತ ಲೆಕ್ಕದಲ್ಲಿ ಪ್ರತಿ ಸುತ್ತಿನ 26 ಆಸನಗಳಲ್ಲಿ ಆರು ಅವರಿಗೆ ಹೋದರೆ ಮುಖ್ಯ ಸಾಲಿಗೆ ಗಂಟೆಗೆ 400 ಆಸನ ಉಳಿಯುತ್ತದೆ. 260ನೆಯವರ ಕಾಯುವಿಕೆ 30ರಿಂದ 39 ನಿಮಿಷಕ್ಕೆ ಏರುತ್ತದೆ. ಒಬ್ಬರು ಉಳಿಸಿದ ಸಮಯವನ್ನು ಇಲ್ಲಿ ಇನ್ನೊಬ್ಬರು ತೆರುತ್ತಾರೆ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನದ ಟಿಕೆಟ್ ಪಡೆದವರಿಗೂ ಸರ್ವದರ್ಶನದ ಸಾಲಿನಲ್ಲಿ ಕುಳಿತವರಿಗೂ ಇರುವ ಸಂಬಂಧ ಇಂಥದೇ. ಒಂಟಿ ಸಾಲಿನಲ್ಲಿ ಹೀಗೆ ಯಾರ ಸಮಯವೂ ಯಾರಿಗೂ ವರ್ಗವಾಗುವುದಿಲ್ಲ; ವ್ಯರ್ಥವಾಗುತ್ತಿದ್ದದ್ದು ಬಳಕೆಯಾಗುತ್ತದೆ. ದೂರದಿಂದ ಒಂದೇ ದಿನಕ್ಕೆ ಬಂದು, ಹೆಚ್ಚಿನ ಟಿಕೆಟ್ ಕೊಳ್ಳಲಾಗದ ಕುಟುಂಬಗಳ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ.

ಸ್ಥಳೀಯ ಹೋಲಿಕೆಗಳು

ಬಿಡಿ ಜಾಗವನ್ನು ಒಂಟಿ ವ್ಯಕ್ತಿಯಿಂದ ತುಂಬುವ ಕ್ರಮ ಕರ್ನಾಟಕದ ಗ್ರಾಮೀಣ ಜೀವನಕ್ಕೆ ಹೊಸದಲ್ಲ. ತುರುವೇಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ದಂಡಿನಶಿವರ ಮತ್ತು ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ರಾಜ್ಯದ ಇತರೆಡೆಯಂತೆ, ಮದುವೆ ಮನೆಯ ಪಂಕ್ತಿಯೂಟ ಇದಕ್ಕೆ ಒಳ್ಳೆಯ ಉದಾಹರಣೆ. ಕುಟುಂಬಗಳು ಒಟ್ಟೊಟ್ಟಾಗಿ ಕೂರುವುದರಿಂದ ನಡುನಡುವೆ ಒಂದೊಂದು ಎಲೆ ಖಾಲಿ ಉಳಿಯುತ್ತದೆ. ಬಡಿಸುವ ಮೊದಲು ಮನೆಯವರೊಬ್ಬರು ಬಾಗಿಲ ಬಳಿ ಬಂದು ‘ಒಬ್ಬರು ಬನ್ನಿ, ಇಲ್ಲೊಂದು ಎಲೆ ಇದೆ’ ಎಂದು ಕರೆಯುತ್ತಾರೆ. ಒಂಟಿಯಾಗಿ ಬಂದವರಿಗೆ ಮೊದಲ ಪಂಕ್ತಿಯಲ್ಲೇ ಊಟವಾಗುತ್ತದೆ. ಆರು ಜನರ ಸಂಸಾರ ಎರಡನೆಯ ಪಂಕ್ತಿಗೆ ಕಾಯುತ್ತದೆ. ಕರೆಯುವುದು ಒಬ್ಬಿಬ್ಬರನ್ನೇ ಆದ್ದರಿಂದ ಬಾಗಿಲಲ್ಲಿ ಹತ್ತು ಜನ ಒಂಟಿಯಾಗಿ ನಿಂತಿದ್ದರೆ ಅವರಿಗೂ ಎರಡನೆಯ ಪಂಕ್ತಿಯೇ ಗತಿ. ಉದ್ಯಾನದ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ.

ಜಾತ್ರೆಯ ಜೈಂಟ್ ವೀಲ್‌ನಲ್ಲಿ ಪರಿಸ್ಥಿತಿ ತಿರುಗುಮುರುಗು. ಶಿವರಾತ್ರಿಯ ವೇಳೆಗೆ ನಡೆಯುವ ಸಿದ್ಧಗಂಗೆಯ ಜಾತ್ರೆಯಂಥ ದೊಡ್ಡ ಜಾತ್ರೆಗಳಿಗೆ ಬರುವ ಆಟಗಳು ಬಿಡುವಿನ ಹೊತ್ತಿನಲ್ಲಿ ನಿಗದಿತ ವೇಳೆಗೆ ಹೊರಡುವುದಿಲ್ಲ, ತೊಟ್ಟಿಲುಗಳು ತುಂಬಿದಾಗ ಹೊರಡುತ್ತವೆ. ಅಲ್ಲಿ ಜನ ಚಕ್ರಕ್ಕಾಗಿ ಕಾಯುವುದಕ್ಕಿಂತ ಚಕ್ರವೇ ಜನರಿಗಾಗಿ ಕಾಯುವುದು ಹೆಚ್ಚು. ಇದಲ್ಲದೆ ಎದುರುಬದುರಿನ ತೊಟ್ಟಿಲುಗಳ ತೂಕ ಸಮನಾಗಿರಬೇಕಾದ್ದರಿಂದ ಆಟದವನು ಒಂಟಿ ವ್ಯಕ್ತಿಯನ್ನು ಅಪರಿಚಿತರ ಜೊತೆ ಕೂರಿಸಿ ತೂಗಿಸುತ್ತಾನೆ. ಒಂಟಿಯಾಗಿ ಬಂದವರಿಂದ ಇಲ್ಲಿ ಉಳಿಯುವುದು ಅವರ ಸಮಯವಲ್ಲ, ಆಗಲೇ ತೊಟ್ಟಿಲಲ್ಲಿ ಕುಳಿತು ಕಾಯುತ್ತಿರುವವರ ಸಮಯ. ತುಂಬಿದ ಮೇಲೆಯೇ ಹೊರಡುವ ಷೇರ್ ಆಟೊಗಳಿಗೂ ಈ ಮಾತು ಸಲ್ಲುತ್ತದೆ.

ಮಿತಿಗಳು

ಒಂಟಿ ಸಾಲು ಗುಂಪಿಗೆ ಸಮಯ ಉಳಿಸುತ್ತದೆಯೇ ಎಂಬುದನ್ನು ಮೊದಲು ಹತ್ತಿದವರಿಂದಲ್ಲ, ಕೊನೆಗೆ ಇಳಿದವರಿಂದ ಅಳೆಯಬೇಕು. ನಾಲ್ವರು ಗೆಳೆಯರು ಒಂಟಿ ಸಾಲಿಗೆ ಹೋದರೆ ಮೊದಲನೆಯವರು ಬೇಗ ಇಳಿದರೂ ನಾಲ್ಕನೆಯವರಿಗಾಗಿ ಹೊರಗೆ ನಿಲ್ಲಬೇಕು. ಮೊಬೈಲ್‌ಗಳು ಲಾಕರ್‌ನಲ್ಲಿರುವಾಗ ಒಬ್ಬರನ್ನೊಬ್ಬರು ಹುಡುಕುವುದಕ್ಕೂ ಹೊತ್ತು ಹಿಡಿಯುತ್ತದೆ. ಗುಂಪುಗಳು ಹೀಗೆ ಒಡೆದು ಬರುವುದು ಹೆಚ್ಚಾದಂತೆ ಸಾಲಿನ ಮೂಲ ಪ್ರಯೋಜನವೇ ಕುಗ್ಗುತ್ತದೆ: ಖಾಲಿ ಆಸನಗಳನ್ನು ಸೃಷ್ಟಿಸುವ ಗುಂಪುಗಳು ಮುಖ್ಯ ಸಾಲಿನಲ್ಲಿ ಕಡಿಮೆಯಾಗುತ್ತವೆ, ಆ ಆಸನಗಳಿಗಾಗಿ ಕಾಯುವವರು ಹೆಚ್ಚುತ್ತಾರೆ. ಒಂಟಿ ಸಾಲು ಉದ್ದವಾದಾಗ ಉದ್ಯಾನದವರು ಅದನ್ನು ತಾತ್ಕಾಲಿಕವಾಗಿ ಮುಚ್ಚುವುದೂ ಇದೆ.

ಚಿಕ್ಕ ಮಕ್ಕಳಿಗೆ ಈ ಸಾಲು ಸೂಕ್ತವಲ್ಲ. ಹಿರಿಯರ ಪಕ್ಕದಲ್ಲಿಯೇ ಕೂರಬೇಕೆಂಬ ನಿಯಮವಿರುವ ರೈಡ್‌ಗಳಲ್ಲಿ ಅವರನ್ನು ಬಿಡಿಯಾಗಿ ಹತ್ತಿಸುವಂತಿಲ್ಲ. ಹಳ್ಳಿಯ ಶಾಲೆಗಳಿಂದ ಪ್ರವಾಸ ಬಂದ ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕರಿಗೆ ಹತ್ತು ನಿಮಿಷದ ಉಳಿತಾಯಕ್ಕಿಂತ ತಲೆ ಎಣಿಕೆ ಸರಿಹೋಗುವುದೇ ಮುಖ್ಯ. ಕೂಸನ್ನು ಎತ್ತಿಕೊಂಡು ಬಂದ ತಂದೆತಾಯಿಯರಿಗೆ ಕೆಲವು ಉದ್ಯಾನಗಳು ಬೇರೆಯೇ ಸೌಲಭ್ಯ ನೀಡುತ್ತವೆ: ಒಬ್ಬರು ಸವಾರಿ ಮುಗಿಸಿ ಬಂದು ಮಗುವನ್ನು ಎತ್ತಿಕೊಂಡರೆ, ಇನ್ನೊಬ್ಬರು ಮತ್ತೆ ಸಾಲಿನಲ್ಲಿ ನಿಲ್ಲದೆ ಹತ್ತಬಹುದು. ಇದನ್ನು ಒಂಟಿ ಸಾಲೆಂದು ಭಾವಿಸಬಾರದು.

ಸಮಯದ ಬದಲಿಗೆ ಕೆಲವು ಅನುಭವಗಳನ್ನೂ ಬಿಟ್ಟುಕೊಡಬೇಕಾಗುತ್ತದೆ. ಆಸನದ ಆಯ್ಕೆ ಇರುವುದಿಲ್ಲ. ಮುಂದಿನ ಸಾಲು ಬೇಕೆಂದು ಕೇಳುವಂತಿಲ್ಲ. ಯೂನಿವರ್ಸಲ್ ಉದ್ಯಾನದ ಹ್ಯಾರಿ ಪಾಟರ್ ರೈಡ್‌ನಲ್ಲಿ ಮುಖ್ಯ ಸಾಲು ಕೋಟೆಯ ಅಲಂಕೃತ ಕೋಣೆಗಳ ಮೂಲಕ ಹಾದುಹೋಗುತ್ತದೆ, ಒಂಟಿ ಸಾಲಿನವರಿಗೆ ಅವುಗಳಲ್ಲಿ ಹೆಚ್ಚಿನವು ಕಾಣಸಿಗುವುದಿಲ್ಲ. ಡಿಸ್ನಿಯ ಮಿಲೇನಿಯಮ್ ಫಾಲ್ಕನ್ ರೈಡ್‌ನಲ್ಲಿ ಆರು ಜನರು ಪೈಲಟ್, ಗನ್ನರ್, ಇಂಜಿನಿಯರ್ ಎಂಬ ಪಾತ್ರಗಳನ್ನು ಹಂಚಿಕೊಂಡು ನೌಕೆಯನ್ನು ನಡೆಸುತ್ತಾರೆ. ಪೈಲಟ್ ಆಗಲು ಎಲ್ಲರೂ ಬಯಸುವುದರಿಂದ ಒಂಟಿಯಾಗಿ ಬಂದವರಿಗೆ ಸಾಮಾನ್ಯವಾಗಿ ಉಳಿಯುವುದು ಹಿಂದಿನ ಸಾಲಿನ ಇಂಜಿನಿಯರ್ ಆಸನ.