ಅಪ್ಪನ ಫಿಯಟ್ಟಿನ ವಂಶಾವಳಿ

ಸಖರಾಯಪಟ್ಟಣದ ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನಕರುಗಳೆಲ್ಲ ಹೋದ ಮೇಲೆ ಉಳಿದದ್ದು ಅಪ್ಪನ ಫಿಯಟ್ ಕಾರೊಂದೇ. ಅಪ್ಪ ತೀರಿಕೊಂಡು ವರ್ಷ ಕಳೆದಿತ್ತು. "ಗುಜರಿಯವನು ಕೇಳ್ತಿದಾನೆ, ಕೊಟ್ಟುಬಿಡೋಣ. ಮಾಡಿನ ರಿಪೇರಿಗಾದರೂ ಆಗುತ್ತೆ" ಎಂದ ಅಣ್ಣ. ಅವನ ಮಾತೂ ಸುಳ್ಳಲ್ಲ, ಮಾಡು ಸೋರುತ್ತಿತ್ತು. ಅಮ್ಮ ಏನೂ ಹೇಳದೆ ಒಳಗಿನಿಂದ ಒಂದು ಹಾರ್ಲಿಕ್ಸ್ ಬಾಟಲಿ ತಂದಿಟ್ಟಳು. ಅದರ ತುಂಬ ನಟ್ಟು, ಬೋಲ್ಟು, ಹಳೆಯ ಪ್ಲಗ್ಗುಗಳು. ಇಷ್ಟು ವರ್ಷ ಇದನ್ನು ಕಾಪಾಡಿದವಳಿಗೆ ಆ ಕಾರು ಬರೀ ತಗಡಲ್ಲ ಎಂದು ನನಗೆ ಆಗ ಹೊಳೆಯಿತು. ಅದರ ಹಿನ್ನೆಲೆ ಹುಡುಕಲು ಕೂತೆ.

ಫಿಯಟ್ ಕಂಪನಿ ಹುಟ್ಟಿದ್ದು 1899ರಲ್ಲಿ, ಇಟಲಿಯ ಟ್ಯುರಿನ್ನಿನಲ್ಲಿ. 1937ರಲ್ಲಿ ಅದು 1089 ಸಿಸಿಯ ಒಂದು ಕಾರು ತಂದಿತು. 1100 ಎಂದೇ ಅದು ಹೆಸರಾಯಿತು. 1940ರಲ್ಲಿ ಎಂಜೊ ಫೆರಾರಿ ತನ್ನ ಸ್ವಂತ ಕಾರ್ಖಾನೆಯಲ್ಲಿ ಕಟ್ಟಿಸಿದ ಮೊದಲ ರೇಸು ಕಾರಿಗೆ ಆ ಫಿಯಟ್ಟಿನ ಭಾಗಗಳನ್ನೇ ಬಳಸಿಕೊಂಡ. ಬ್ರೆಶಿಯಾದ ಪಂದ್ಯದಲ್ಲಿ ಅಂಥ ಎರಡು ಕಾರುಗಳು ಇಳಿದವು, ಎರಡೂ ಗುರಿ ಮುಟ್ಟಲಿಲ್ಲ. ಆದರೂ ಇಂದು ಕೋಟಿಗಟ್ಟಲೆ ಬೆಲೆ ಬಾಳುವ ಫೆರಾರಿಗಳೂ ನಮ್ಮ ಕೊಟ್ಟಿಗೆಯ ಕಾರೂ ದೂರದ ದಾಯಾದಿಗಳೇ!

ನಮ್ಮ ದೇಶದ ಕಥೆಯಲ್ಲಿ ನಮ್ಮವರೇ ಒಬ್ಬರಿದ್ದಾರೆ. 1930ರ ದಶಕದಲ್ಲೇ ಸರ್ ಎಂ. ವಿಶ್ವೇಶ್ವರಯ್ಯನವರು ಮೋಟಾರು ಕಾರ್ಖಾನೆಗೆ ಯೋಜನೆ ಹಾಕಿದ್ದರು. ಬ್ರಿಟಿಷ್ ಸರ್ಕಾರದ ಆಸರೆ ಸಿಗಲಿಲ್ಲ. ಆ ಪ್ರಯತ್ನದಲ್ಲಿ ಜೊತೆಯಾಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಕಂಪನಿ ಕಟ್ಟಿದರು. 1954ರ ಸುಮಾರಿಗೆ ಮುಂಬಯಿಯ ಕುರ್ಲಾದಿಂದ ಹೊಸ 1100 ಹೊರಬಂತು. ಮುಂದೆ ಅದರ ತಂಗಿಯೇ ಪ್ರೀಮಿಯರ್ ಪದ್ಮಿನಿ ಆದಳು. ಮುಂಬಯಿಯ ರಸ್ತೆಗಳಿಂದ ಪದ್ಮಿನಿ ಟ್ಯಾಕ್ಸಿ ಮರೆಯಾದದ್ದು 2023ರ ಅಕ್ಟೋಬರಿನಲ್ಲಿ.

ಅಪ್ಪನದು ಮೊದಲ ಕಾಲದ ಗಾಡಿ. ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಮುಂದಿನ ಬಾಗಿಲಿಗೆ ಕೀಲು ಹಿಂಭಾಗದಲ್ಲಿ. ಸೀರೆ ಉಟ್ಟವರಿಗೆ ಹತ್ತಿ ಇಳಿಯಲು ಅದರಷ್ಟು ಸಲೀಸು ಇನ್ನೊಂದಿಲ್ಲ. ಓಡುವಾಗ ತೆರೆದುಕೊಂಡರೆ ಮಾತ್ರ ಗಾಳಿಗೆ ಕಿತ್ತೇ ಹೋದೀತು! ಕೆಮ್ಮಣ್ಣುಗುಂಡಿ ಹತ್ತುವಾಗ ಬಿಸಿಗೆ ಪೆಟ್ರೋಲು ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಅಪ್ಪ ಬಾನೆಟ್ ಎತ್ತಿ ಬೈಯುತ್ತಾ ನಿಂತರೆ, ಅಮ್ಮ ಹಳೆ ಸೀರೆಯ ತುಂಡನ್ನು ಒದ್ದೆ ಮಾಡಿ ಪೆಟ್ರೋಲ್ ಪಂಪಿನ ಮೇಲೆ ಹೊದಿಸುತ್ತಿದ್ದಳು. ಹತ್ತು ನಿಮಿಷಕ್ಕೆ ಗಾಡಿ ಹೊರಡುತ್ತಿತ್ತು. "ಗಾಡಿ ಚೆನ್ನಾಗಿ ಇಟ್ಟಿದೀರಿ" ಎಂದು ಊರವರು ಹೊಗಳುತ್ತಿದ್ದುದು ಮಾತ್ರ ಅಪ್ಪನನ್ನು.

ಗುಜರಿಯವನಿಗೆ ಆಗಲೇ ಹೇಳಿ ಕಳಿಸಬೇಡ ಎಂದು ಅಣ್ಣನನ್ನು ತಡೆದೆ. ಮೆಕ್ಯಾನಿಕ್ ಬಂದವರೇ ಚಾವಿಗೆ ಕೈ ಹಾಕಲಿಲ್ಲ. ಅಂಟಾಗಿದ್ದ ಹಳೆ ಪೆಟ್ರೋಲನ್ನು ಖಾಲಿ ಮಾಡಿದರು. ಪ್ಲಗ್ಗು ಬಿಚ್ಚಿ ಒಂದೊಂದು ಸಿಲಿಂಡರಿಗೂ ಚೂರು ಎಂಜಿನ್ ಆಯಿಲ್ ಬಿಟ್ಟು, ಮಾರನೆಯ ದಿನ ಕೈಯಿಂದಲೇ ಮೆಲ್ಲಗೆ ತಿರುಗಿಸಿದರು. ಇಲಿ ಕಡಿದ ವೈರುಗಳನ್ನು ಬದಲಾಯಿಸಿದರು. ಬಾಟಲಿಯಲ್ಲಿದ್ದ ಎರಡು ಬೋಲ್ಟು ಅಲ್ಲೇ ಉಪಯೋಗಕ್ಕೆ ಬಂದವು.

ಕಾಯಿದೆಯೂ ನಮ್ಮ ಕಡೆಗಿದೆ. 2021ರ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಸ್ವಂತ ಬಳಕೆಯ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಹಾಗೆ ನೋಂದಾಯಿಸಿದ ಗಾಡಿ ದಿನನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ರ‍್ಯಾಲಿ ಮುಂತಾದವಕ್ಕೆ ಮಾತ್ರ.

ಮೂರನೆಯ ದಿನ ಅಂಗಳದಲ್ಲಿ ಎಂಜಿನ್ ಕೆಮ್ಮಿ, ಹೊಗೆ ಉಗುಳಿ, ಕೊನೆಗೆ ಹದಕ್ಕೆ ಬಂತು. ಅಮ್ಮ ಸೆರಗಿನಿಂದ ಎಡಗಡೆಯ ಸೀಟು ಒರೆಸಿ ಕೂತಳು. ಅಣ್ಣ ಅವಳನ್ನೇ ನೋಡುತ್ತ ನಿಂತಿದ್ದ. ಮಾಡಿನ ರಿಪೇರಿಗೆ ಇಬ್ಬರೂ ಸೇರಿ ಹಣ ಹಾಕಿದೆವು.

ನಿಮ್ಮ ಮನೆಯಲ್ಲೂ ಇಂಥದೊಂದು ಗಾಡಿ ಮೂಲೆ ಹಿಡಿದಿದ್ದರೆ, ಗುಜರಿಯವನಿಗೆ ಹೇಳಿ ಕಳಿಸುವ ಮುಂಚೆ ಮನೆಯ ಹಿರಿಯ ಹೆಂಗಸರನ್ನು ಒಂದು ಮಾತು ಕೇಳಿ. ಅವರ ಹತ್ತಿರವೂ ಒಂದು ಬಾಟಲಿ ಇದ್ದೀತು.