ತಯಾರಿಕೆ ನಿಂತ ಲೈಟ್ ಮೀಟರುಗಳು

ಛಾಯಾಗ್ರಹಣದಲ್ಲಿ ಬೆಳಕನ್ನು ಅಳೆಯಲು ಕ್ಯಾಮೆರಾದಿಂದ ಬೇರೆಯಾಗಿ ಕೈಯಲ್ಲಿ ಹಿಡಿದು ಬಳಸುವ ಉಪಕರಣವೇ ಕೈ ಲೈಟ್ ಮೀಟರ್. ಫಿಲ್ಮಿನ ವೇಗವನ್ನು ಅದರ ಬಿಲ್ಲೆಯಲ್ಲಿ ಹೊಂದಿಸಿಕೊಂಡರೆ ಯಾವ ಅಪರ್ಚರಿಗೆ ಯಾವ ಶಟರ್ ವೇಗ ಇಡಬೇಕೆಂದು ತಿಳಿಯುತ್ತದೆ. ವೆಸ್ಟನ್ ಮಾಸ್ಟರ್, ಗಾಸನ್ ಲೂನಾಸಿಕ್ಸ್, ಪೆಂಟಾಕ್ಸ್ ಡಿಜಿಟಲ್ ಸ್ಪಾಟ್‌ಮೀಟರ್ ಮೊದಲಾದ ಹೆಸರುವಾಸಿ ಮಾದರಿಗಳು ಈಗ ತಯಾರಾಗುತ್ತಿಲ್ಲ. ಆದರೂ ಒಳಗೆ ಮೀಟರೇ ಇಲ್ಲದ ಹಳೆಯ ಫಿಲ್ಮ್ ಕ್ಯಾಮೆರಾ ಹಾಗೂ ದೊಡ್ಡ ಹಾಳೆ ಫಿಲ್ಮಿನ ಕ್ಯಾಮೆರಾ ಬಳಸುವವರು ಇವನ್ನು ಹುಡುಕಿ ಕೊಳ್ಳುತ್ತಾರೆ. ಇಂಥದ್ದೊಂದು ಇಂದು ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂಬುದು ಬಹುಪಾಲು ಎರಡರ ಮೇಲೆ ನಿಂತಿದೆ: ಒಳಗಿನ ದ್ಯುತಿಕೋಶ ಮತ್ತು ಅದು ಬೇಡುವ ಬ್ಯಾಟರಿ.

ಮೊದಲ ಪೀಳಿಗೆಯವು ಸೆಲೆನಿಯಂ ಮೀಟರುಗಳು. ಅಮೆರಿಕದ ನ್ಯೂಜೆರ್ಸಿಯ ವೆಸ್ಟನ್ ಕಂಪನಿ 1932ರಲ್ಲಿ ಹೊರತಂದ ಯೂನಿವರ್ಸಲ್ 617 ಈ ಸಾಲಿನ ಹಿರಿಯ. ವಿದ್ಯುತ್ ಅಳತೆಯ ಉಪಕರಣಗಳಿಗೆ ಹೆಸರಾದ ಈ ಕಂಪನಿಯನ್ನು ಕಟ್ಟಿದ ಎಡ್ವರ್ಡ್ ವೆಸ್ಟನ್‌ಗೂ ಅದೇ ಹೆಸರಿನ ಪ್ರಸಿದ್ಧ ಛಾಯಾಗ್ರಾಹಕನಿಗೂ ಸಂಬಂಧವಿಲ್ಲ. ಸೆಲೆನಿಯಂ ಕೋಶದ ಮೇಲೆ ಬೆಳಕು ಬಿದ್ದಾಗ ತಾನಾಗಿಯೇ ಸಣ್ಣ ವಿದ್ಯುತ್ ಹುಟ್ಟಿ ಮುಳ್ಳನ್ನು ಸರಿಸುತ್ತದೆ, ಬ್ಯಾಟರಿಯ ಹಂಗಿಲ್ಲ. 1939ರ ನಂತರದ ಮಾಸ್ಟರ್ ಸರಣಿಯಲ್ಲಿ ಕೋಶದ ಮೇಲೆ ರಂಧ್ರಗಳಿರುವ ಮುಚ್ಚಳವಿತ್ತು. ಬಿಸಿಲಿಗೆ ಅದನ್ನು ಮುಚ್ಚುವುದು, ಮಬ್ಬಿಗೆ ತೆರೆಯುವುದು. ತೆರೆದರೂ ಮಂದ ಬೆಳಕಿನ ಒಳಾಂಗಣದಲ್ಲಿ ಮುಳ್ಳು ಅಲುಗುವುದೇ ಕಷ್ಟ, ಇದು ಸೆಲೆನಿಯಂನ ಹುಟ್ಟುಗುಣ.

ಈ ಮೀಟರುಗಳ ಕಾಲದ ಕಥೆಯೊಂದು ಪ್ರಸಿದ್ಧ. 1941ರ ನವೆಂಬರಿನ ಒಂದು ಸಂಜೆ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ನ್ಯೂ ಮೆಕ್ಸಿಕೋದ ಹೆರ್ನಾಂಡೆಜ್ ಹಳ್ಳಿಯ ಮೇಲೆ ಚಂದ್ರ ಏರಿದ್ದನ್ನು ಕಂಡು ಆತುರದಲ್ಲಿ ಕ್ಯಾಮೆರಾ ಹೂಡಿದರು. ವೆಸ್ಟನ್ ಮೀಟರು ಕೈಗೆ ಸಿಗಲಿಲ್ಲ. ಚಂದ್ರಬಿಂಬದ ಪ್ರಕಾಶ ಚದರಡಿಗೆ 250 ಕ್ಯಾಂಡಲ್ ಎಂಬುದು ನೆನಪಿದ್ದುದರಿಂದ ಮನಸ್ಸಿನಲ್ಲೇ ಲೆಕ್ಕ ಹಾಕಿ ಎಫ್/32ರಲ್ಲಿ ಒಂದು ಸೆಕೆಂಡು ಬೆಳಕು ಕೊಟ್ಟರು. ಮಾಸ್ಟರ್ ಮೀಟರಿನ ಮುಳ್ಳು ತೋರಿಸುತ್ತಿದ್ದುದೂ ಚದರಡಿಯ ಕ್ಯಾಂಡಲ್‌ಗಳನ್ನೇ. ಅಂಕಿಯನ್ನು ಓದಿ, ಅದು ಚಿತ್ರದಲ್ಲಿ ಎಷ್ಟು ಕಪ್ಪಾಗಿ ಅಥವಾ ಬಿಳಿಯಾಗಿ ಬರಬೇಕೆಂದು ಬಳಸುವವನೇ ನಿರ್ಧರಿಸಬೇಕಿತ್ತು. ಉತ್ತರವನ್ನು ನೇರವಾಗಿ ಕೊಟ್ಟುಬಿಡುವ ಇಂದಿನ ಮೀಟರುಗಳಿಗಿಂತ ಈ ಹಳೆಯವು ಕಲಿಯುವವರಿಗೆ ಒಳ್ಳೆಯ ಮೇಷ್ಟ್ರುಗಳು ಎನ್ನಲು ಅಡ್ಡಿಯಿಲ್ಲ.

ಸೆಲೆನಿಯಂ ಕೋಶದ ದೊಡ್ಡ ಶತ್ರು ತೇವ. ಅಂಚಿನಿಂದ ಗಾಳಿಯ ತೇವಾಂಶ ಒಳಹೊಕ್ಕರೆ ಪದರ ಕೆಡುತ್ತದೆ, ಸಂಪರ್ಕದ ತಗಡುಗಳು ತುಕ್ಕು ಹಿಡಿಯುತ್ತವೆ. ಮಂಗಳೂರು, ಕಾರವಾರದಂಥ ಕರಾವಳಿಯ ಮಳೆಗಾಲ ದಾಟಿದ ಮೀಟರಿನ ಬಗ್ಗೆ ಕೊಳ್ಳುವಾಗಲೇ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಸತ್ತ ಕೋಶದ ಜಾಗದಲ್ಲಿ ಸಾಮಾನ್ಯ ಸೌರಕೋಶದ ತುಂಡನ್ನು ಕೂರಿಸುವವರಿದ್ದಾರೆ. ಆದರೆ ಸಿಲಿಕಾನ್ ಅವಕೆಂಪು ಕಿರಣಗಳಿಗೂ ಸ್ಪಂದಿಸುವುದರಿಂದ ಬಲ್ಬಿನ ಬೆಳಕಿನಲ್ಲಿ ಓದು ದಾರಿ ತಪ್ಪುತ್ತದೆ.

1960ರ ದಶಕದಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಮೀಟರುಗಳು ಬಂದವು. ಈ ಕೋಶ ವಿದ್ಯುತ್ ಹುಟ್ಟಿಸುವುದಿಲ್ಲ. ಬೆಳಕಿಗೆ ತಕ್ಕಂತೆ ಅದರ ರೋಧ ಬದಲಾಗುತ್ತದೆ, ಹಾಗಾಗಿ ಬ್ಯಾಟರಿ ಬೇಕೇಬೇಕು. ಗಾಸನ್‌ನ ಲೂನಾಸಿಕ್ಸ್ 3 ಬೆಳದಿಂಗಳನ್ನೂ ಅಳೆಯಬಲ್ಲದು. ಕಣ್ಣು ಕೋರೈಸುವ ಬೆಳಕನ್ನು ಕಂಡ ಮೇಲೆ ಈ ಕೋಶಕ್ಕೆ ಅದರ ನೆನಪು ಕೆಲಕಾಲ ಉಳಿಯುವುದರಿಂದ, ಬಿಸಿಲಿನಿಂದ ಒಳಗೆ ಬಂದು ತಕ್ಷಣ ಓದಿದರೆ ಅಂಕಿ ತಪ್ಪಾಗುತ್ತದೆ. ಸ್ವಲ್ಪ ಹೊತ್ತು ಕಾಯಬೇಕು.

ಇವುಗಳ ನಿಜವಾದ ಸಂಕಟ ಬ್ಯಾಟರಿಯದು. ಲೂನಾಸಿಕ್ಸ್ 3, ಲೈಕಾಮೀಟರ್ ಎಂಆರ್ ಮೊದಲಾದವನ್ನು ಪಿಎಕ್ಸ್625 ಎಂಬ 1.35 ವೋಲ್ಟಿನ ಪಾದರಸದ ಬಿಲ್ಲೆಗಾಗಿ ರೂಪಿಸಲಾಗಿತ್ತು. ಸಾಯುವ ಹೊತ್ತಿನವರೆಗೂ ಅದರ ವೋಲ್ಟೇಜು ಕದಲುತ್ತಿರಲಿಲ್ಲ. ಮೀಟರಿನ ಲೆಕ್ಕವೆಲ್ಲ ಆ ಸ್ಥಿರತೆಯನ್ನು ನಂಬಿತ್ತು. ಪಾದರಸದ ವಿಷದ ಕಾರಣಕ್ಕೆ ಅಮೆರಿಕ 1996ರಲ್ಲಿ ಕಾನೂನು ತಂದಿತು, ಬೇರೆ ದೇಶಗಳೂ ಇಂಥ ಬ್ಯಾಟರಿಗಳನ್ನು ಕೈಬಿಟ್ಟವು. ಅದೇ ಅಳತೆಯ ಆಲ್ಕಲೈನ್ ಬಿಲ್ಲೆ ಮೀಟರಿನಲ್ಲಿ ಕೂರುತ್ತದೆ, ಮುಳ್ಳೂ ಏಳುತ್ತದೆ, ಅದೇ ಅಪಾಯ. ಹೊಸದಿದ್ದಾಗ 1.5 ವೋಲ್ಟು ಕೊಡುವ ಅದು ಬಳಸಿದಂತೆಲ್ಲ ಇಳಿಯುತ್ತಾ ಹೋಗುವುದರಿಂದ ತಪ್ಪಿನ ಪ್ರಮಾಣವೂ ದಿನಕ್ಕೊಂದಾಗುತ್ತದೆ. 1.55 ವೋಲ್ಟಿನ ಸಿಲ್ವರ್ ಆಕ್ಸೈಡ್ ಬಿಲ್ಲೆಯಾದರೆ ಸ್ಥಿರ, ಆದರೆ ಹೆಚ್ಚುವರಿ ವೋಲ್ಟನ್ನು ಇಳಿಸಲು ಡಯೋಡ್ ಇರುವ ಅಡಾಪ್ಟರು ಬೇಕು. ಲೂನಾಸಿಕ್ಸ್‌ಗೆ ಗಾಸನ್ ತಾನೇ ಅಂಥದ್ದನ್ನು ಮಾಡಿತು. ಮೂರನೆಯ ದಾರಿ ಔಷಧಿ ಅಂಗಡಿಯದು. ಶ್ರವಣ ಸಾಧನಗಳಿಗೆ ಹಾಕುವ 675 ಅಳತೆಯ ಸತು-ಗಾಳಿ ಬಿಲ್ಲೆ ಸುಮಾರು 1.4 ವೋಲ್ಟನ್ನು ಸ್ಥಿರವಾಗಿ ಕೊಡುತ್ತದೆ. ಅಗಲ ಸಾಲದ್ದಕ್ಕೆ ಸುತ್ತ ರಬ್ಬರಿನ ಉಂಗುರ ಹಾಕಬೇಕು, ಅದಕ್ಕೆ ಗಾಳಿ ತಗಲುವಂತಿರಬೇಕು. ಸ್ಟಿಕ್ಕರು ಕಿತ್ತ ಮೇಲೆ ಬಳಸದಿದ್ದರೂ ಕೆಲವೇ ವಾರಗಳಲ್ಲಿ ಬರಿದಾಗುತ್ತದೆ. ಅಗ್ಗ ಮತ್ತು ನಂಬಿಕಸ್ಥ ಎಂಬ ಎರಡು ಮಾತನ್ನೂ ಒಟ್ಟಿಗೆ ಹೇಳಬಹುದಾದ ಪರಿಹಾರ ಸದ್ಯಕ್ಕೆ ಇದೊಂದೇ.

ನಂತರದ ಸಿಲಿಕಾನ್ ಮೀಟರುಗಳಲ್ಲಿ ಈ ಗೋಳಿಲ್ಲ. ಲೂನಾಸಿಕ್ಸ್ ಎಫ್‌ಗೆ ಎಲ್ಲೆಡೆ ಸಿಗುವ 9 ವೋಲ್ಟಿನ ಬ್ಯಾಟರಿ ಸಾಕು. ದೃಶ್ಯದ ಒಂದೇ ಒಂದು ಡಿಗ್ರಿಯಷ್ಟನ್ನು ಅಳೆಯುವ ಪೆಂಟಾಕ್ಸ್ ಸ್ಪಾಟ್‌ಮೀಟರು ಇಂದಿಗೂ ದೊಡ್ಡ ಫಿಲ್ಮಿನವರ ಪ್ರೀತಿಯದು.

ತಯಾರಿಕೆ ನಿಂತದ್ದೆಲ್ಲ ಸತ್ತಂತೆಯೂ ಅಲ್ಲ. ಕೋನಿಕಾ ಮಿನೋಲ್ಟಾ 2006ರಲ್ಲಿ ಕ್ಯಾಮೆರಾ ವ್ಯಾಪಾರ ಬಿಟ್ಟಾಗ ಅದರ ಫ್ಲ್ಯಾಶ್ ಮೀಟರ್ 6 ಕೆಂಕೋ ಕಂಪನಿಯ ಹೆಸರಿನಲ್ಲಿ ಮತ್ತೆ ಬಂತು. ಡಾನ್ ನಾರ್ವುಡ್ ರೂಪಿಸಿದ, ಬಿಳಿ ಅರ್ಧಗೋಳದಿಂದ ಬೀಳುವ ಬೆಳಕನ್ನು ಅಳೆಯುವ ಮೀಟರು ಸೆಕೋನಿಕ್‌ನ ಎಲ್-398 ಆಗಿ ಮುಂದುವರಿಯಿತು. ಅದರ ಇತ್ತೀಚಿನ ರೂಪದಲ್ಲಿ ಸೆಲೆನಿಯಂ ಬದಲು ಅಸ್ಫಟಿಕ ಸಿಲಿಕಾನ್ ಇದೆ.

ಕೈಗೆ ಬಂದ ಹಳೆಯ ಮೀಟರನ್ನು ಪರೀಕ್ಷಿಸುವುದು ಕಷ್ಟವಲ್ಲ. ಕೋಶವನ್ನು ಪೂರ್ತಿ ಮುಚ್ಚಿದಾಗ ಮುಳ್ಳು ಸೊನ್ನೆಗೆ ಬರಬೇಕು, ಬಾರದಿದ್ದರೆ ಹಿಂಬದಿಯ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಮೋಡವಿಲ್ಲದ ನಡುಹಗಲಿನ ಬಿಸಿಲಿಗೆ ಐಎಸ್‌ಒ 100ರಲ್ಲಿ ಎಫ್/16ಕ್ಕೆ ಸುಮಾರು 1/125 ಸೆಕೆಂಡು ತೋರಿಸಬೇಕು. ಇಷ್ಟಕ್ಕೇ ತೃಪ್ತರಾಗಬಾರದು. ಸಮನಾಗಿ ಬೆಳಗಿದ ಬೂದು ಗೋಡೆಯನ್ನು ಬಿಸಿಲು, ನೆರಳು, ಒಳಾಂಗಣ ಈ ಮೂರರಲ್ಲೂ ಡಿಜಿಟಲ್ ಕ್ಯಾಮೆರಾದ ಓದಿನೊಂದಿಗೆ ಹೋಲಿಸಬೇಕು. ಎಲ್ಲ ಕಡೆ ಒಂದೇ ಸಮ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ: ಯಾವಾಗಲೂ ಹತ್ತು ನಿಮಿಷ ಮುಂದೆ ಓಡುವ ಗೋಡೆ ಗಡಿಯಾರದಂತೆ ಅದರೊಂದಿಗೆ ಬಾಳಬಹುದು. ಬೆಳಕನ್ನು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಕಡಿಮೆ ತೋರಿಸುವ ಮೀಟರಿಗೆ 100ರ ಫಿಲ್ಮನ್ನು 200 ಎಂದು ಹೇಳಿದರೆ ಲೆಕ್ಕ ಸರಿಹೋಗುತ್ತದೆ. ಬಿಸಿಲಿನಲ್ಲಿ ಸರಿಯಿದ್ದು ನೆರಳಿನಲ್ಲಿ ಎರಡು ಸ್ಟಾಪ್ ಜಾರುವ ಮೀಟರಿಗೆ ಇಂಥ ಮದ್ದಿಲ್ಲ, ಅದರ ಕೋಶವೇ ದಣಿದಿದೆ.

ಫಿಲ್ಮ್ ವೇಗ ಹೊಂದಿಸುವ ಬಿಲ್ಲೆಯ ಮೇಲಿನ ಅಂಕಿಗಳಲ್ಲೂ ಒಂದು ಬಲೆಯಿದೆ. ಆರಂಭದ ವೆಸ್ಟನ್ ಮೀಟರುಗಳಲ್ಲಿ ಫಿಲ್ಮ್ ವೇಗಕ್ಕೆ ಕಂಪನಿಯದೇ ಅಳತೆಯಿತ್ತು; ಅಲ್ಲಿನ 80 ಇಂದಿನ 100ಕ್ಕೆ ಸಮ. ನೆಗೆಟಿವ್ ಫಿಲ್ಮ್ ಇಷ್ಟು ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ, ಸ್ಲೈಡ್ ಫಿಲ್ಮ್ ಅಷ್ಟು ಉದಾರಿಯಲ್ಲ. ಇನ್ನು ಕ್ಷಣಾರ್ಧದಲ್ಲಿ ಮುಗಿಯುವ ಸ್ಟುಡಿಯೋ ಫ್ಲ್ಯಾಶ್ ಅಳೆಯುವುದು ಸೆಲೆನಿಯಂ, ಕ್ಯಾಡ್ಮಿಯಂ ಮೀಟರುಗಳಿಗೆ ಸಾಧ್ಯವೇ ಇಲ್ಲ. ಅದಕ್ಕೆ ಫ್ಲ್ಯಾಶ್ ಮೀಟರನ್ನೇ ಕೊಳ್ಳಬೇಕು.